ಮಗು ಕೇಳಿದ ಮಾತು



ಚಿಕ್ಕ ಮಕ್ಕಳಿರುವ ಮನೆಯಲ್ಲಿ ದಿನವೂ ಒಂದು ಪ್ರವಚನ ನಡೆಯುತ್ತಿರುತ್ತದೆ. ಕೇಳುವ ಕಿವಿ ನಮಗಿರಬೇಕು ಅಷ್ಟೆ. ಮಕ್ಕಳ ಮಾತಿಗೆ ಮೊದಲು ನಗು ಬರುತ್ತದೆ. ನಕ್ಕು ಮುಗಿದ ಮೇಲೆ ಅದೇ ಮಾತು ನಮ್ಮನ್ನು ಯೋಚನೆಗೆ ಹಚ್ಚುತ್ತದೆ.

ಹರಿಹರದ ಕಡೆಯ ಹಳ್ಳಿಯೊಂದರಿಂದ ಅಜ್ಜ ಅಜ್ಜಿ ದಾವಣಗೆರೆಯ ಮಗನ ಮನೆಗೆ ಬಂದಿದ್ದರು. ಬೆಳಗ್ಗೆ ಅಜ್ಜಿ ಇಷ್ಟಲಿಂಗ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಿದರು. ಪಕ್ಕದಲ್ಲಿದ್ದ ಏಳು ವರ್ಷದ ಮೊಮ್ಮಗ, "ಅಜ್ಜಿ, ಒಳಗೆ ಲಿಂಗಪ್ಪಗೆ ಸೆಕೆ ಆಗಲ್ವಾ? ಫ್ಯಾನೂ ಇಲ್ಲ" ಎಂದ. ಅಜ್ಜಿ ನಕ್ಕು, "ನನ್ನ ಎದೆ ಮೇಲೇ ಇರ್ತಾನಲ್ಲ ಮರಿ. ನಾನು ತಣ್ಣಗಿದ್ರೆ ಅವನೂ ತಣ್ಣಗಿರ್ತಾನೆ" ಎಂದರು. ಆ ತಾಯಿ ಶಾಸ್ತ್ರ ಓದಿದವರಲ್ಲ. ಆದರೂ ಅಂಗ ಬೇರೆಯಲ್ಲ, ಲಿಂಗ ಬೇರೆಯಲ್ಲ ಎಂಬ ತತ್ತ್ವವನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಮಗು ಕೇಳದೆ ಹೋಗಿದ್ದರೆ ಆ ಮಾತು ಹೊರಬರುತ್ತಲೇ ಇರಲಿಲ್ಲ.

ರಜೆಯ ದಿನಗಳು. ಹುಡುಗನನ್ನು ಊರಿಗೆ ಕರೆದೊಯ್ಯುವಾಗ ಅಜ್ಜ ದಾರಿಯಲ್ಲಿ ಹರಿಹರದಲ್ಲಿ ಇಳಿದು ಹರಿಹರೇಶ್ವರನ ದರ್ಶನ ಮಾಡಿಸಿದರು. ತುಂಗಭದ್ರೆಯ ದಡದ ಈ ಗುಡಿಯನ್ನು ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, ಸುಮಾರು 1224ರಲ್ಲಿ, ಪೋಲಾಳ್ವ ದಂಡನಾಥ ಕಟ್ಟಿಸಿದ. ಒಂದೇ ಮೂರ್ತಿ, ಬಲಗಡೆ ಹರ, ಎಡಗಡೆ ಹರಿ. ಹುಡುಗ ಕಣ್ಣರಳಿಸಿ ನೋಡಿ, "ಅಜ್ಜ, ಇವರಿಗೂ ನನ್ನಂಗೆ ಅರ್ಧ ಟಿಕೆಟ್ಟಾ?" ಎಂದ. ಸುತ್ತ ನಿಂತವರೆಲ್ಲ ನಕ್ಕರು.

ಅಜ್ಜ ಸ್ಥಳಪುರಾಣ ಹೇಳಿದರು. ಗುಹಾಸುರನೆಂಬ ರಾಕ್ಷಸನಿಗೆ ಹರಿಯಿಂದಾಗಲಿ ಹರನಿಂದಾಗಲಿ ಸಾವು ಬಾರದಂತೆ ಬ್ರಹ್ಮನ ವರವಿತ್ತು. ಅವನ ಹಾವಳಿ ತಡೆಯಲು ಇಬ್ಬರೂ ಸೇರಿ ಒಂದೇ ದೇಹವಾಗಿ ಬಂದರು. ಹುಡುಗ ಕೇಳಿದ, "ಒಂದೇ ಮೈಯಾಗೆ ಇದ್ರೂ ಇಬ್ಬರೂ ಜಗಳ ಆಡಲ್ವಾ?" ಅಜ್ಜ, "ದೇವ್ರು ಜಗಳ ಆಡ್ತಾರೇನೋ?" ಎಂದರು. "ಮತ್ತೆ ನೀನು ಸಣ್ಣಜ್ಜನ ಸಂಗಡ ಯಾಕೆ ಮಾತಾಡಲ್ಲ?"

ಭದ್ರಾ ನಾಲೆಯ ನೀರಿನ ಗದ್ದೆ, ನಡುವೆ ಒಂದು ಬದು. ಆ ಬದುವಿಗಾಗಿ ಅಣ್ಣತಮ್ಮಂದಿರು ಬಹಳ ವರ್ಷಗಳಿಂದ ಮಾತು ಬಿಟ್ಟಿದ್ದರು. ಗೋಡೆಗೆ ಗೋಡೆ ಹೊಂದಿದ ಮನೆ. ಒಬ್ಬರ ಮನೆಯ ಹಬ್ಬಕ್ಕೆ ಇನ್ನೊಬ್ಬರಿಲ್ಲ. ಮೊಮ್ಮಗನ ಮಾತಿಗೆ ಅಜ್ಜನ ಬಳಿ ಉತ್ತರವಿರಲಿಲ್ಲ, ಕೈಯಿತ್ತು. ದೇವರ ಮುಂದೆಯೇ ಬೆನ್ನಿಗೊಂದು ಏಟು ಬಿತ್ತು.

"ಬುದ್ಧಿ, ಹೊಡೆದದ್ದು ಹುಡುಗನಿಗೆ, ನೋವಾಗಿದ್ದು ನನಗೆ. ಊರು ಮುಟ್ಟೋ ತನಕ ಅವನು ಒಂದು ಮಾತೂ ಆಡಲಿಲ್ಲ" ಎಂದು ಆ ಹಿರಿಯರು ನಮ್ಮ ಬಳಿ ಹೇಳಿಕೊಂಡರು.

ಮಗುವಿನ ಮಾತನ್ನು ಹೊಡೆದು ನಿಲ್ಲಿಸಬಾರದು ಎಂದು ಶರಣ ಪರಂಪರೆಯೇ ನಮಗೆ ಹೇಳುತ್ತದೆ. ಹರಿಹರ ಕವಿಯ ಕೋಳೂರು ಕೊಡಗೂಸಿನ ರಗಳೆಯ ಕಥೆ ನಿಮಗೆಲ್ಲ ಗೊತ್ತು. ತಂದೆ ಪರಊರಿಗೆ ಹೋದಾಗ ಆ ಹುಡುಗಿ ಶಿವನಿಗೆ ಹಾಲು ಒಯ್ದಳು, ಕುಡಿಯೆಂದು ಅತ್ತು ಕರೆದಳು, ಶಿವ ಕುಡಿದ. ತಿರುಗಿ ಬಂದ ತಂದೆ ಮಾತ್ರ ನಂಬಲಿಲ್ಲ. ದಿನವೂ ಹಾಲು ಒಯ್ಯುತ್ತಿದ್ದವನಿಗೇ ದೇವರು ಕುಡಿದಾನೆಂಬ ನಂಬಿಕೆ ಇರಲಿಲ್ಲ! ತಂದೆ ಗದರಿಸಿದಾಗ ಮಗಳು ಲಿಂಗದಲ್ಲಿ ಐಕ್ಯಳಾದಳು.

ಬಾಲಕ ಬಸವಣ್ಣನೂ ಉಪನಯನದ ಹೊತ್ತಿನಲ್ಲಿ, ಅಕ್ಕನಿಗಿಲ್ಲದ ಜನಿವಾರ ತನಗೇಕೆಂದು ಕೇಳಿದನೆಂಬುದು ಜನಜನಿತ. ಹಾರ್ಡೇಕರ ಮಂಜಪ್ಪನವರೂ ಮೃತ್ಯುಂಜಯ ಅಪ್ಪಗಳೂ 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಸಾರ್ವಜನಿಕ ಬಸವ ಜಯಂತಿಗೆ ನಾಂದಿ ಹಾಡಿದರು. ಇಂದಿಗೂ ಜಯಂತಿಯ ದಿನ ಬಾಲಬಸವನನ್ನು ತೊಟ್ಟಿಲಿಗೆ ಹಾಕಿ ತೂಗುತ್ತೇವೆ. ಪ್ರಶ್ನೆ ಕೇಳಿದ ಮಗುವನ್ನು ತೂಗುವ ಕೈಯೇ ಮನೆಯಲ್ಲಿ ಪ್ರಶ್ನೆ ಕೇಳಿದ ಮಗುವಿನ ಮೇಲೆ ಏಳಬಹುದೇ?

ಅಜ್ಜನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಂಜೆ ಚೀಲ ಬಿಚ್ಚಿದಾಗ ಗುಡಿಯಲ್ಲಿ ಒಡೆಸಿದ ತೆಂಗಿನಕಾಯಿಯ ಎರಡು ಹೋಳು ಸಿಕ್ಕವು. ತಮ್ಮನ ಮನೆಯ ಹೊಸ್ತಿಲು ತುಳಿಯಲು ಅವರಿಗೆ ಕಾಲು ಬರಲಿಲ್ಲ. ಒಂದು ಹೋಳನ್ನು ಹುಡುಗನ ಕೈಗಿಟ್ಟು, "ಸಣ್ಣಜ್ಜಗೆ ಕೊಟ್ಟು ಬಾ" ಎಂದರು. ಹುಡುಗ ಓಡಿಹೋಗಿ, ಅಂಗಿಯ ಜೇಬು ತುಂಬ ಮಂಡಕ್ಕಿ ತುಂಬಿಕೊಂಡು ಬಂದ.

"ಸಣ್ಣಜ್ಜ ಏನಂದ?"

"ಇನ್ನೊಂದು ಹೋಳು ಎಲ್ಲಿ ಅಂದ. ನಮ್ಮಜ್ಜನ ಹತ್ರ ಐತೆ ಅಂದೆ."

ಮರುದಿನ ಬೆಳಗ್ಗೆ ತಮ್ಮ ತಾನೇ ಬಂದು ಅಣ್ಣನ ಕಟ್ಟೆಯ ಮೇಲೆ ಕುಳಿತರು. ಬದುವಿನ ತಕರಾರು ಇನ್ನೂ ಪೂರ್ತಿ ಬಗೆಹರಿದಿಲ್ಲ. ಆದರೆ ಈಗ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕುಳಿತು ಅದರ ಮಾತಾಡುತ್ತಾರೆ.

ಹಿರಿಯರೇ, ಮೊಮ್ಮಕ್ಕಳು ದೇವರ ವಿಷಯ ಕೇಳಿದಾಗ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ, ಅದರಿಂದ ನಿಮ್ಮ ಹಿರಿತನಕ್ಕೆ ಕುಂದಿಲ್ಲ. ಕೇಳಿದ ಮಾತಿಗೆ ಸಿಟ್ಟು ಬಂದರೆ ಮಾತ್ರ ಒಂದು ಗಳಿಗೆ ನಿಂತು ನೋಡಿಕೊಳ್ಳಿ. ನಮ್ಮ ನಡೆಯಲ್ಲಿ ಎಲ್ಲೋ ಒಂದು ಹೋಳು ಕಡಿಮೆಯಿರುತ್ತದೆ. ಮಗು ಕೇಳುವುದು ಅದನ್ನೇ.