ಸುಕ್ಕಿನ ಇಂಜೆಕ್ಷನ್ ಆದ ಮೇಲೆ ವುಝೂ, ಸುಜೂದ್ ಮತ್ತು ಬಿಸಿಲು

ಹಣೆಯ ಗೆರೆ, ಹುಬ್ಬಿನ ನಡುವಿನ ಸುಕ್ಕು, ಕಣ್ಣಂಚಿನ ನೆರಿಗೆಗಳಿಗೆ ಇಂಜೆಕ್ಷನ್ ಹಾಕಿಸಿಕೊಳ್ಳುವುದು ಒಂದು ಕಾಲಕ್ಕೆ ಸಿನಿಮಾದವರ ಮಾತಾಗಿತ್ತು. ಈಗ ಬೆಂಗಳೂರು, ಹೈದರಾಬಾದ್‌ವರೆಗೆ ಹೋಗಬೇಕಿಲ್ಲ. ಬಳ್ಳಾರಿಯಂಥ ಜಿಲ್ಲಾ ಕೇಂದ್ರಗಳಲ್ಲೇ ಸಿಗುತ್ತದೆ. ಕರೂರು, ಸಿರುಗುಪ್ಪ, ಕುರುಗೋಡು ಕಡೆಯ ಮನೆಗಳಲ್ಲೂ ಮದುವೆಯ ದಿನ ಗೊತ್ತಾದಾಗ ಇದರ ವಿಚಾರ ಬರುತ್ತದೆ. ಗಲ್ಫ್‌ನಿಂದ ರಜೆಗೆ ಬಂದವರು ಅಲ್ಲೇ ಹಾಕಿಸಿಕೊಂಡು ಬಂದಿರುತ್ತಾರೆ. ಚೆಲುವಿಗಾಗಿ ಇದನ್ನು ಹಾಕಿಸಿಕೊಳ್ಳಬಹುದೇ, ಕೂಡದೇ ಎಂಬುದನ್ನು ನಿಮಗೆ ವಿಶ್ವಾಸವಿರುವ ಆಲಿಮರ ಬಳಿ ಕೇಳಿ. ಆರೋಗ್ಯದ ಪುಟ ಅದಕ್ಕೆ ಉತ್ತರ ಹೇಳುವ ಜಾಗವಲ್ಲ. ಹಾಕಿಸಿಕೊಂಡ ಮೇಲೆ ಮುಖವನ್ನು ಹೇಗೆ ನೋಡಿಕೊಳ್ಳಬೇಕು ಎಂಬುದಷ್ಟೇ ಇಲ್ಲಿನ ವಿಷಯ. ‘ಮುಖ ಉಜ್ಜಬೇಡಿ, ಬಾಗಬೇಡಿ’ ಎಂದು ಕ್ಲಿನಿಕ್‌ನಲ್ಲಿ ಹೇಳಿ ಕಳಿಸುತ್ತಾರೆ. ದಿನಕ್ಕೆ ಐದು ಹೊತ್ತು ಮುಖ ತೊಳೆದು ಹಣೆಯನ್ನು ನೆಲಕ್ಕೆ ಇಡುವವರು ಆ ಮಾತನ್ನು ಹೇಗೆ ಪಾಲಿಸಬೇಕು ಎಂದು ಹೇಳುವವರು ಕಡಿಮೆ.

ಮೊದಲು ಔಷಧದ ವಿಷಯ. ಇದರ ಹೆಸರು ಬೊಟುಲಿನಂ ಟಾಕ್ಸಿನ್. ಬೊಟಾಕ್ಸ್ ಎಂಬುದು ಅದರ ಒಂದು ಬ್ರ್ಯಾಂಡ್. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ತಯಾರಿಸುವ ವಿಷವಿದು. ಅತಿ ಸಣ್ಣ ಪ್ರಮಾಣದಲ್ಲಿ, ಶುದ್ಧೀಕರಿಸಿ ಔಷಧವಾಗಿ ಬಳಸುತ್ತಾರೆ. ನರದಿಂದ ಸ್ನಾಯುವಿಗೆ ‘ಬಿಗಿಯಾಗು’ ಎಂಬ ಸಂದೇಶ ಹೋಗದಂತೆ ಅದು ತಡೆಯುತ್ತದೆ. ಸ್ನಾಯು ಸಡಿಲವಾಗುತ್ತದೆ, ಮೇಲಿನ ಚರ್ಮದ ಮಡಿಕೆ ಮಾಯವಾಗುತ್ತದೆ. ಅಮೆರಿಕದಲ್ಲಿ 1989ರಲ್ಲಿ ಮೊದಲು ಅನುಮತಿ ಸಿಕ್ಕಿದ್ದು ಮೆಳ್ಳಗಣ್ಣಿಗೆ ಮತ್ತು ರೆಪ್ಪೆ ತಾನಾಗಿ ಬಿಗಿದುಕೊಳ್ಳುವ ಕಾಯಿಲೆಗೆ. ಕೆನಡಾದ ವ್ಯಾಂಕೋವರ್‌ನಲ್ಲಿ ಕಣ್ಣಿನ ವೈದ್ಯೆ ಜೀನ್ ಕರೂಥರ್ಸ್ ಹೀಗೆ ಚಿಕಿತ್ಸೆ ಕೊಡುತ್ತಿದ್ದಾಗ ರೋಗಿಗಳ ಹುಬ್ಬಿನ ನಡುವಿನ ಗೆರೆ ಮಾಯವಾಗುವುದನ್ನು ಗಮನಿಸಿದರು. ಸುಕ್ಕಿಗೆಂದೇ ಅನುಮತಿ ಬಂದದ್ದು 2002ರಲ್ಲಿ. ಮುಖದ ಒಂದು ಬದಿ ಅದುರುವವರಿಗೆ, ಲಕ್ವ ಹೊಡೆದು ಕೈ ಸೆಟೆದುಕೊಂಡವರಿಗೆ, ಬಿಡದ ಮೈಗ್ರೇನ್ ತಲೆನೋವಿನವರಿಗೆ ಇಂದಿಗೂ ಇದೇ ಔಷಧ ಕೊಡುತ್ತಾರೆ. ನಿಮ್ಮ ಮನೆಯ ಹಿರಿಯರಿಗೆ ಕಾಯಿಲೆಗಾಗಿ ಮುಖಕ್ಕೆ ಹಾಕಿದ್ದರೂ ಮುಂದಿನ ಮಾತುಗಳು ಅವರಿಗೂ ಅನ್ವಯಿಸುತ್ತವೆ.

ಹಾಕಿದ ಔಷಧ ಆ ಸ್ನಾಯುವಿನಲ್ಲೇ ನಿಲ್ಲಬೇಕು. ಉಜ್ಜಿದರೆ, ಒತ್ತಿದರೆ ಪಕ್ಕಕ್ಕೆ ಹರಡಬಹುದು. ಹುಬ್ಬಿನ ಬಳಿ ಹಾಕಿದ್ದು ರೆಪ್ಪೆ ಎತ್ತುವ ಸ್ನಾಯುವಿಗೆ ಹೋದರೆ ರೆಪ್ಪೆ ಜೋತುಬೀಳುತ್ತದೆ. ಅದಕ್ಕಾಗಿಯೇ ಮೊದಲ 4 ಗಂಟೆ ನೆಟ್ಟಗೆ ಇರಬೇಕು, ಮಲಗಬಾರದು ಎನ್ನುತ್ತಾರೆ. 24 ಗಂಟೆ ಮುಖ ಉಜ್ಜಬಾರದು. ಈ 4 ಗಂಟೆಯ ಲೆಕ್ಕಕ್ಕೆ ಗಟ್ಟಿಯಾದ ವೈಜ್ಞಾನಿಕ ಪುರಾವೆ ಹೆಚ್ಚಿಲ್ಲ, ಅದು ಎಚ್ಚರಿಕೆಯ ನಿಯಮ. ಆದರೆ ಪಾಲಿಸುವುದರಿಂದ ನಷ್ಟವೇನೂ ಇಲ್ಲ.

ಹಾಗಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ನಮಾಝಿನ ವೇಳೆ ನೋಡಿಕೊಳ್ಳಿ. ನಮ್ಮ ಕಡೆ ಬೆಳಿಗ್ಗೆ 9ರಿಂದ 10ರ ಒಳಗೆ ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಅನುಕೂಲ. ಬಳ್ಳಾರಿಯಲ್ಲಿ ಝುಹರ್ ವೇಳೆ ವರ್ಷವಿಡೀ ಮಧ್ಯಾಹ್ನ 12 ದಾಟಿದ ಮೇಲೆ ಆರಂಭವಾಗಿ ಅಸರ್‌ವರೆಗೂ ಇರುತ್ತದೆ. 10ಕ್ಕೆ ಇಂಜೆಕ್ಷನ್ ಆದರೆ ಎರಡು ಗಂಟೆಯ ಮೇಲೆ ಮನೆಯಲ್ಲೇ ಝುಹರ್ ನಿರ್ವಹಿಸಬಹುದು. 4 ಗಂಟೆಯೂ ಕಳೆದಿರುತ್ತದೆ, ನಮಾಝಿನ ವೇಳೆಯೂ ತಪ್ಪುವುದಿಲ್ಲ. ಸಂಜೆ 5ರ ಅಪಾಯಿಂಟ್‌ಮೆಂಟ್ ಬೇಡ. ಮಗ್ರಿಬ್‌ನ ವೇಳೆ ಚಿಕ್ಕದು, ಅದು 4 ಗಂಟೆಯ ಒಳಗೇ ಬಂದುಬಿಡುತ್ತದೆ. ರಮಝಾನ್‌ನಲ್ಲಿ ರಾತ್ರಿ ತರಾವೀಹ್ ಇರುವಾಗ ಇದನ್ನು ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಒಂದು ತಿಂಗಳು ಕಾದರೆ ಸುಕ್ಕೇನೂ ಓಡಿಹೋಗುವುದಿಲ್ಲ.

ಅನಿವಾರ್ಯವಾಗಿ 4 ಗಂಟೆಯ ಒಳಗೆ ನಮಾಝ್ ಬಂದರೆ ಗಾಬರಿ ಬೇಡ. ಚಿಂತೆ ಇರುವುದು ಒತ್ತಡ ಮತ್ತು ಉಜ್ಜಾಟದ ಬಗ್ಗೆ. ಗಟ್ಟಿ ನೆಲದ ಬದಲು ದಪ್ಪ, ಮೆತ್ತನೆಯ ಮುಸಲ್ಲಾ ಹಾಸಿ. ಹಣೆಯ ಭಾರವನ್ನೆಲ್ಲ ಅದರ ಮೇಲೆ ಬಿಡದೆ ಅಂಗೈಗಳಿಗೆ ಕೊಡಿ. ಇಂಜೆಕ್ಷನ್ ಹಣೆಗೇ ಆಗಿದ್ದರೆ ಸುಜೂದ್ ಹೇಗೆ ಮಾಡಲಿ ಎಂದು ವೈದ್ಯರನ್ನು ನೇರವಾಗಿ ಕೇಳಿ. ಕೇಳಲು ಸಂಕೋಚಪಡುವ ವಿಷಯ ಇದಲ್ಲ.

ವುಝೂ ಬಗ್ಗೆ ಹಲವರಿಗೆ ತಪ್ಪು ತಿಳಿವಳಿಕೆ ಇದೆ. ಮುಖಕ್ಕೆ ನೀರೇ ತಾಗಬಾರದು ಎಂದುಕೊಳ್ಳುತ್ತಾರೆ. ನೀರಿಗೆ ಅಡ್ಡಿಯಿಲ್ಲ, ಕೈ ಒತ್ತಿ ತಿಕ್ಕುವುದಕ್ಕೆ ಅಡ್ಡಿ. ಬೊಗಸೆಯಲ್ಲಿ ನೀರು ತೆಗೆದುಕೊಂಡು ಮೇಲಿನಿಂದ ಮೆಲ್ಲಗೆ ಹರಿಯಬಿಡಿ. ಟವೆಲ್‌ನಿಂದ ಉಜ್ಜದೆ, ತೆಳು ಬಟ್ಟೆಯನ್ನು ಹಗುರವಾಗಿ ತಾಗಿಸಿ ನೀರು ಹೀರಿಸಿ. ನೀರು ಶುದ್ಧವಾಗಿರಲಿ, ಸೂಜಿ ಚುಚ್ಚಿದ ಜಾಗಗಳು ಆ ದಿನ ಇನ್ನೂ ಹಸಿಯಾಗಿರುತ್ತವೆ. ತೊಟ್ಟಿಯಲ್ಲಿ ನಿಂತ ನೀರಿಗಿಂತ ನಲ್ಲಿಯ ನೀರು ಒಳ್ಳೆಯದು. ಸುರ್ಮಾ ಒಂದು ದಿನ ಬೇಡ. ಹಚ್ಚುವಾಗ ರೆಪ್ಪೆ ಎಳೆದು ಒತ್ತುವುದು ಅಭ್ಯಾಸ. ಹಣೆಗೆ ಬಿಗಿಯಾಗಿ ಕಟ್ಟುವ ಸ್ಕಾರ್ಫ್, ಎಲಾಸ್ಟಿಕ್ ಇರುವ ನಿಕಾಬ್ ಪಟ್ಟಿಯನ್ನು ಆ ದಿನ ಸಡಿಲ ಮಾಡಿ. ಗಂಡಸರು ಟೋಪಿಯ ಅಂಚು ಹಣೆಯ ಮೇಲೆ ಕೂರದಂತೆ ಹಿಂದಕ್ಕೆ ಸರಿಸಿದರೆ ಸಾಕು. ಹೆಲ್ಮೆಟ್ ಹಾಕಲೇಬೇಕು, ಆದ್ದರಿಂದ ಆ ದಿನ ಬೈಕ್‌ನಲ್ಲಿ ಹೋಗಬೇಡಿ.

ಬಳ್ಳಾರಿಯಿಂದ ಬಸ್ಸಿನಲ್ಲಿ ವಾಪಸ್ ಬರುವವರಿಗೆ ಇನ್ನೊಂದು ಮಾತು. ಸಿರುಗುಪ್ಪದ ದಾರಿ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಬಿಸಿಲಿಗೆ ಜೊಂಪು ಹತ್ತುತ್ತದೆ. ಮುಂದಿನ ಸೀಟಿನ ಕಂಬಿಗೆ ಹಣೆ ಇಟ್ಟು ನಿದ್ದೆ ಮಾಡುವುದು ನಮಗೆಲ್ಲ ರೂಢಿ. ಆ ದಿನ ಮಾತ್ರ ಮಾಡಬೇಡಿ. ಮನೆಗೆ ಬಂದ ಮೇಲೆ ಓಟ, ಭಾರ ಎತ್ತುವುದು, ಬಿಸಿ ಹಬೆಯ ಮುಂದೆ ನಿಲ್ಲುವುದು 24 ಗಂಟೆ ಬೇಡ. ದೊಡ್ಡ ದೇಗಿನ ಬಿರಿಯಾನಿಯನ್ನು ಬೇರೆಯವರು ಮಾಡಲಿ. ಫೇಶಿಯಲ್, ಮುಖದ ಮಸಾಜ್ ಎರಡು ವಾರ ಬೇಡ.

ಚುಚ್ಚಿದ ಕಡೆ ಸಣ್ಣ ಗುಳ್ಳೆಯಂತೆ ಉಬ್ಬುವುದು ಸಹಜ, ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ನೀಲಿ ಕಲೆ ಒಂದು ವಾರದಿಂದ ಹತ್ತು ದಿನ ಇರಬಹುದು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಒತ್ತದೆ ತಾಗಿಸಿ. ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಆಸ್ಪಿರಿನ್ ನೀಲಿ ಕಲೆಯನ್ನು ಹೆಚ್ಚಿಸುತ್ತವೆ. ಆದರೆ ಹೃದಯಕ್ಕೆಂದು ವೈದ್ಯರು ಕೊಟ್ಟ ಆಸ್ಪಿರಿನ್ ಮಾತ್ರೆಯನ್ನು ಸುಕ್ಕಿನ ಸಲುವಾಗಿ ಎಂದೂ ನೀವಾಗಿ ನಿಲ್ಲಿಸಬೇಡಿ. ಪರಿಣಾಮ ಕಾಣಲು ಮೂರರಿಂದ ಐದು ದಿನ, ಪೂರ್ತಿಯಾಗಲು ಎರಡು ವಾರ ಬೇಕು. ಮರುದಿನವೇ ‘ಏನೂ ಆಗಲಿಲ್ಲ’ ಎಂದು ಇನ್ನೊಂದು ಸೂಜಿ ಕೇಳಬೇಡಿ. ಮದುವೆಗಾಗಿ ಮಾಡಿಸುವುದಾದರೆ ಒಂದು ತಿಂಗಳು ಮುಂಚೆ ಮಾಡಿಸಿ. ಏನಾದರೂ ಏರುಪೇರಾದರೆ ಸರಿಪಡಿಸಲು ಸಮಯ ಇರುತ್ತದೆ.

ರೆಪ್ಪೆ ಜೋತುಬಿದ್ದರೆ ವೈದ್ಯರಿಗೆ ತೋರಿಸಿ. ನೋಡಲು ಬೇಸರವಾದರೂ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ನುಂಗಲು ಕಷ್ಟ, ಮಾತು ತೊದಲುವುದು, ದನಿ ಬದಲಾಗುವುದು, ಎರಡೆರಡಾಗಿ ಕಾಣುವುದು, ಕತ್ತು ನಿಲ್ಲದಿರುವುದು, ಉಸಿರಾಟಕ್ಕೆ ತೊಂದರೆ, ಇವು ಬೇರೆ. ಔಷಧ ದೇಹದಲ್ಲಿ ಹರಡಿದೆ ಎಂಬುದರ ಸೂಚನೆ ಇವು. ಅಪರೂಪ, ಆದರೆ ಕೆಲವೇ ಗಂಟೆಗಳಲ್ಲೂ ಬರಬಹುದು, ವಾರಗಳ ನಂತರವೂ ಬರಬಹುದು. ಅಂಥ ಹೊತ್ತಿನಲ್ಲಿ ಕ್ಲಿನಿಕ್‌ಗೆ ಫೋನ್ ಮಾಡುತ್ತ ಕೂರದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ. ಬಳ್ಳಾರಿಯಲ್ಲಿ ಎಲ್ಲರೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ.

ಇಲ್ಲಿಯೇ ಗುಟ್ಟಿನ ಸಮಸ್ಯೆ ಬರುವುದು. ಈ ಇಂಜೆಕ್ಷನ್ ಹಾಕಿಸಿಕೊಂಡ ಅನೇಕರು ಮನೆಯಲ್ಲಿ ಹೇಳಿರುವುದಿಲ್ಲ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಯ ಬಳಿಕ ತೀರಿಕೊಂಡರು, ವಯಸ್ಸು 21. ತಂದೆತಾಯಿಗೆ ತಿಳಿಸದೆ ಹೋಗಿದ್ದರೆಂದು ಆಗ ವರದಿಯಾಗಿತ್ತು. ಅದು ಇದಕ್ಕಿಂತ ತುಂಬಾ ದೊಡ್ಡ ಚಿಕಿತ್ಸೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಆದರೂ ಹತ್ತನೆಯ ದಿನ ನಿಮಗೆ ಅನ್ನ ನುಂಗಲಾಗದಿದ್ದರೆ, ಪರೀಕ್ಷಿಸುವ ವೈದ್ಯರಿಗೆ ‘ಇವರಿಗೆ ಈ ಇಂಜೆಕ್ಷನ್ ಆಗಿದೆ’ ಎಂದು ಹೇಳಲು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಗಂಡನಿಗೋ, ಅಕ್ಕನಿಗೋ, ಮಗಳಿಗೋ ಹೇಳಿಟ್ಟಿರಿ. ಮನೆಯವರೂ ಅಷ್ಟೇ, ಹೀಯಾಳಿಸಿದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಹಾಕಿಸಿಕೊಳ್ಳಬಾರದು. ಮಯಸ್ತೇನಿಯಾದಂಥ ಸ್ನಾಯು ದೌರ್ಬಲ್ಯದ ಕಾಯಿಲೆ ಇದ್ದವರಿಗೂ ಬೇಡ. ಜೆಂಟಾಮೈಸಿನ್‌ನಂಥ ಆಂಟಿಬಯೋಟಿಕ್ ಇದರ ಪರಿಣಾಮವನ್ನು ಹೆಚ್ಚಿಸುತ್ತದೆ. ಬೇರೆ ಕಾಯಿಲೆಗೆ ಇಂಜೆಕ್ಷನ್ ಬರೆಯುವ ವೈದ್ಯರಿಗೆ ಇದನ್ನು ತಿಳಿಸಿ.

ಔಷಧದ ಬಾಟಲಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಕರೆಂಟ್ ಹೋಗಿಬರುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಬ್ಯೂಟಿ ಪಾರ್ಲರ್‌ನಲ್ಲಿ, ಯಾರದೋ ಮನೆಯಲ್ಲಿ, ಗಲ್ಫ್‌ನಿಂದ ಬ್ಯಾಗಿನಲ್ಲಿ ತಂದ ಬಾಟಲಿಯಿಂದ ಹಾಕಿಸಿಕೊಳ್ಳಬೇಡಿ. 2024ರಲ್ಲಿ ಅಮೆರಿಕದಲ್ಲೇ ನಕಲಿ ಅಥವಾ ಸರಿಯಾಗಿ ಬಳಸದ ಔಷಧದಿಂದ 20ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಕೆಲವರು ಆಸ್ಪತ್ರೆ ಸೇರಿದರು. ನಿಮ್ಮ ಎದುರೇ ಬಾಟಲಿ ತೆರೆಯಲು ಹೇಳಿ. ಕರ್ನಾಟಕದಲ್ಲಿ 2007ರ ಕಾಯ್ದೆಯ ಪ್ರಕಾರ ಪ್ರತಿ ಖಾಸಗಿ ಕ್ಲಿನಿಕ್‌ಗೂ ಕೆಪಿಎಂಇ ನೋಂದಣಿ ಇರಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲೆ ಇದೆಯೇ ನೋಡಿ. ಇನ್ನು, ಕೆನ್ನೆ ತುಂಬಿಸುವ ಫಿಲ್ಲರ್ ಬೇರೆಯದೇ ವಸ್ತು. ಅದನ್ನು ಹಾಕಿಸಿಕೊಂಡ ಮೇಲೆ ಚರ್ಮ ಬಿಳುಚಿದರೆ, ವಿಪರೀತ ನೋವಾದರೆ, ಕಣ್ಣು ಮಂಜಾದರೆ ರಕ್ತನಾಳ ಮುಚ್ಚಿರಬಹುದು. ಆಗ ಒಂದು ನಿಮಿಷವೂ ತಡಮಾಡಬಾರದು.

ಇಂಜೆಕ್ಷನ್ ಸುಕ್ಕನ್ನು ಸಡಿಲಿಸುತ್ತದೆ ಅಷ್ಟೇ, ಚರ್ಮವನ್ನು ಕಾಯುವುದಿಲ್ಲ. ಚರ್ಮವನ್ನು ಬೇಗ ಮುದಿಯಾಗಿಸುವುದು ಬಿಸಿಲು ಮತ್ತು ಹೊಗೆಸೊಪ್ಪು. ಮರುದಿನದಿಂದ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ವುಝೂ ಮಾಡಿದಾಗ ಅದು ತೊಳೆದುಹೋಗುತ್ತದೆ ಎಂಬುದನ್ನು ಮರೆಯಬೇಡಿ; ಝುಹರ್ ಆದ ಮೇಲೆ ಹೊಲಕ್ಕೋ ಸಂತೆಗೋ ಹೊರಡುವುದಾದರೆ ಮತ್ತೆ ಹಚ್ಚಬೇಕು. ಬೆಳ್ಳಗಾಗಲು ಮೆಡಿಕಲ್ ಶಾಪ್‌ನಲ್ಲಿ ಚೀಟಿಯಿಲ್ಲದೆ ಕೊಡುವ ಟ್ಯೂಬ್‌ಗಳಲ್ಲಿ ಅನೇಕ ಸಲ ಸ್ಟೆರಾಯ್ಡ್ ಇರುತ್ತದೆ. ಮೊದಲು ಹೊಳಪು ಕೊಟ್ಟು, ಆಮೇಲೆ ಚರ್ಮವನ್ನು ತೆಳುವಾಗಿಸಿ, ಕೆಂಪು ನರ ಎಬ್ಬಿಸುತ್ತದೆ. ಹೆಸರಿಲ್ಲದ ಫೇರ್‌ನೆಸ್ ಕ್ರೀಮ್‌ಗಳ ಪಾದರಸದಿಂದ ಮೂತ್ರಪಿಂಡ ಕೆಟ್ಟ ಪ್ರಕರಣಗಳು 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಬೆಳಕಿಗೆ ಬಂದವು.

ಔಷಧದ ಪರಿಣಾಮ ಮೂರರಿಂದ ನಾಲ್ಕು ತಿಂಗಳು. ಮತ್ತೆ ಹಾಕಿಸಿಕೊಳ್ಳುವುದಾದರೆ ಕನಿಷ್ಠ ಮೂರು ತಿಂಗಳು ಬಿಡಿ. ಹೊರಡುವ ಮುನ್ನ ಬ್ರ್ಯಾಂಡ್, ಎಷ್ಟು ಯೂನಿಟ್, ಯಾವ ಜಾಗಕ್ಕೆ, ಯಾವ ದಿನ ಎಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದಕ್ಕೆ ಸಮವಲ್ಲ. ಮುಂದಿನ ಸಲ ಬೇರೆ ಊರಿನಲ್ಲಿ, ಬೇರೆ ವೈದ್ಯರ ಬಳಿ ಹೋದರೆ ಅವರು ಮೊದಲು ಕೇಳುವುದು ಆ ಚೀಟಿಯನ್ನೇ.