ಅಂಕಿಗಳಿಗೆ ಆಕಾರವೀಯುವಾಗ

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ, 1965ರಲ್ಲಿ ಸ್ಥಾಪಿತವಾದ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪಮಾಪನ ಕೇಂದ್ರವೊಂದುಂಟು. ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಎರಡು ಭುಜಗಳಾಗಿ ಹರಡಿಕೊಂಡಿರುವ ಅಲ್ಲಿಯ 20 ಮಾಪಕಗಳು, ಬಹುದೂರದ ದೇಶದಲ್ಲಿ ಸಂಭವಿಸಿದ ಭೂಕಂಪದಿಂದಲೋ, ಯಾವುದೋ ಮರುಭೂಮಿಯ ಅಡಿಯಲ್ಲಿ ನಡೆಸಿದ ಅಣುಸ್ಫೋಟದಿಂದಲೋ ಹೊರಟು, ಅಲ್ಲಿ ಉಳುತ್ತಿರುವ ರೈತನ ಅಂಗಾಲಿಗೂ ತಿಳಿಯದಷ್ಟು ಮಂದವಾಗಿ ಬಂದು ಮುಟ್ಟುವ ನಡುಕವನ್ನು ಗ್ರಹಿಸಿ, ಅದನ್ನು ಗೆರೆಯ ರೂಪದಲ್ಲಿ ನಮ್ಮ ಕಣ್ಣಿಗೊಪ್ಪಿಸುತ್ತವೆ. ಆ ಗೆರೆಗೆ ಚೆಂದವಾಗಿ ತೋರಬೇಕೆಂಬ ಹಂಬಲವಿಲ್ಲ, ಯಾರನ್ನೂ ಮೆಚ್ಚಿಸಬೇಕೆಂಬ ದಾಕ್ಷಿಣ್ಯವೂ ಇಲ್ಲ. ನೆಲ ನಡುಗಿದಷ್ಟು ಮಾತ್ರ ಅದು ನಡುಗುತ್ತದೆ.

ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನ ಸ್ವಭಾವವೂ ಇದೇ. ಎಕ್ಸೆಲ್ ಆಗಲಿ ಲಿಬ್ರೆ ಆಫೀಸ್ ಆಗಲಿ, ತನಗೆ ಒಪ್ಪಿಸಿದ ಅಂಕಿಗಳನ್ನು ಕ್ಷಣಮಾತ್ರದಲ್ಲಿ ಚಾರ್ಟಾಗಿ ಬಿಡಿಸಿಕೊಡುತ್ತದೆ. ಆದರೆ ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರು, ಹಾಲಿನ ಡೇರಿಯ ಕಾರ್ಯದರ್ಶಿ, ಪ್ರೌಢಶಾಲೆಯ ಮೇಷ್ಟರು, ಇವರಲ್ಲಿ ಯಾರನ್ನು ಕೇಳಿದರೂ ದೂರುಗಳ ಪಟ್ಟಿಯೊಂದು ಸಿದ್ಧವಾಗಿರುತ್ತದೆ: ಗೆರೆ ಇದ್ದಕ್ಕಿದ್ದಂತೆ ಪಾತಾಳಕ್ಕಿಳಿಯಿತು, ತಾರೀಖುಗಳು ಹಿಂದುಮುಂದಾದವು, ಕನ್ನಡದ ಹೆಸರುಗಳು ಒಂದರ ಮೇಲೊಂದು ಬಿದ್ದವು. ಆಗ ಬಹುಮಂದಿ ಮಾಡುವ ಕೆಲಸವೆಂದರೆ ಬಣ್ಣ ಬದಲಿಸುವುದು, ನೆರಳು ಕೊಡುವುದು, ಒಂದು ನಮೂನೆಯನ್ನು ಬಿಟ್ಟು ಇನ್ನೊಂದನ್ನು ಪ್ರಯೋಗಿಸುವುದು. ಇದು ಜ್ವರ ಬಂದವನಿಗೆ ಅಂಗಿ ಬದಲಿಸಿದಂತೆ. ಮೊದಲು ಕೋಷ್ಟಕ, ಆಮೇಲೆ ಅಕ್ಷ, ಕಟ್ಟಕಡೆಗೆ ಅಲಂಕಾರ ಎಂಬ ಕ್ರಮದಲ್ಲಿ ಪರೀಕ್ಷಿಸುತ್ತ ಬಂದವನಿಗೆ, ದೂರುಗಳಲ್ಲಿ ಹೆಚ್ಚಿನವು ಅಲಂಕಾರದ ಬಾಗಿಲಿಗೆ ಬರುವ ಮೊದಲೇ ಪರಿಹಾರವಾಗಿ ಹೋಗುವುದು ಕಂಡುಬರುತ್ತದೆ.

ಈ ಕ್ರಮಕ್ಕೆ ಚಾರ್ಟಿನ ಜನ್ಮವೃತ್ತಾಂತದಲ್ಲಿಯೇ ಒಂದು ನಿದರ್ಶನವುಂಟು. ನಮ್ಮ ನಂದಿದುರ್ಗವು ಟಿಪ್ಪುಸುಲ್ತಾನನ ವಶದಲ್ಲಿದ್ದ ಕಾಲದಲ್ಲಿ, ಕಾರ್ನ್‌ವಾಲಿಸನ ಸೇನೆ ಅದನ್ನು ಹಿಡಿಯುವುದಕ್ಕೆ ಐದು ವರ್ಷ ಮುಂಚೆ, ಅಂದರೆ 1786ರಲ್ಲಿ, ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು ಇಂಗ್ಲೆಂಡಿನ ವ್ಯಾಪಾರದ ಏರಿಳಿತಗಳನ್ನು ರೇಖೆಗಳಲ್ಲಿ ಚಿತ್ರಿಸಿ ಗ್ರಂಥವೊಂದನ್ನು ಪ್ರಕಟಿಸಿದನು. ವರ್ಷವರ್ಷದ ಅಂಕಿಗಳು ದೊರೆತ ಕಡೆಯಲ್ಲೆಲ್ಲ ಆತ ಗೆರೆಯೆಳೆದನು. ತನ್ನ ತಾಯ್ನಾಡಾದ ಸ್ಕಾಟ್ಲೆಂಡಿನ ವಿಷಯದಲ್ಲಿ ಒಂದೇ ವರ್ಷದ ಲೆಕ್ಕ ಸಿಕ್ಕಿದ ಕಾರಣ, ಗೆರೆಯೆಳೆಯುವ ದಾರಿ ಕಾಣದೆ, ಅದು ವ್ಯಾಪಾರ ನಡೆಸಿದ ಒಂದೊಂದು ದೇಶಕ್ಕೂ ಪಟ್ಟಿಗಳನ್ನು ಬರೆದನು. ಇಂದು ನಾವು ಬಾರ್ ಚಾರ್ಟ್ ಎಂದು ಕರೆಯುವ ಸ್ತಂಭಾಲೇಖವು ಹೀಗೆ ಅಂಕಿಗಳ ಬಡತನದಿಂದ ಹುಟ್ಟಿತು. ಚಿತ್ರದ ಆಕಾರವನ್ನು ನಿರ್ಧರಿಸತಕ್ಕದ್ದು ಕೈಯಲ್ಲಿರುವ ಸಾಮಗ್ರಿ ಎಂಬುದನ್ನು ಆತ ಅನಿವಾರ್ಯವಾಗಿ ಕಲಿತನು. ಹತ್ತಾರು ನಮೂನೆಗಳು ಒಂದೇ ಪರದೆಯಲ್ಲಿ ಎದುರಿಗಿರುವ ನಮಗೆ ಆ ಪಾಠ ಮರೆತುಹೋಗುವುದು ಸುಲಭ.

ಕೋಷ್ಟಕದ ಪರೀಕ್ಷೆಗಾಗಿ ಈಗ ಶಿಡ್ಲಘಟ್ಟಕ್ಕೆ ಬರೋಣ. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಹೆಸರಾದ ಈ ಊರಿನಲ್ಲಿ ಗೂಡಿನ ದರವೆಂಬುದು ಮಳೆಯ ಮಾತಿನಷ್ಟೇ ದಿನಬಳಕೆಯ ಮಾತು. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಗೂಡು ಬಿಡಿಸಿ ಮಾರುಕಟ್ಟೆಗೆ ತರುವ ರೈತನಿಗೂ, ನೂಲು ತೆಗೆಯಲು ಹರಾಜಿನಲ್ಲಿ ಕೊಂಡೊಯ್ಯುವ ರೀಲರಿಗೂ, ಇಂದಿನ ದರ ನಿನ್ನೆಗಿಂತ ಏರಿತೋ ಇಳಿಯಿತೋ ಎಂಬುದೇ ಪ್ರಶ್ನೆ. ಓದಿದ ಮಗನೊಬ್ಬನು ಮೂರು ತಿಂಗಳ ದರವನ್ನು ತಂದೆಗೆ ಒಂದೇ ನೋಟದಲ್ಲಿ ತೋರಿಸಬೇಕೆಂದು ಕುಳಿತನೆಂದು ಭಾವಿಸೋಣ. ಆತ ಸೆಲ್ಲಿನಲ್ಲಿ ‘450 ರೂ.’ ಎಂದು ಬರೆಯುತ್ತಾನೆ. ಮನುಷ್ಯನಿಗೆ ಇದು ದರ. ಯಂತ್ರಕ್ಕೆ ಇದು ಬರಿಯ ಅಕ್ಷರ, ಮತ್ತು ಅಕ್ಷರದ ಬೆಲೆ ಅದರ ಲೆಕ್ಕದಲ್ಲಿ ಸೊನ್ನೆ. ಕನ್ನಡದ ಅಂಕಿಗಳಲ್ಲಿ ೪೫೦ ಎಂದು ಬರೆದಾಗಲೂ ಇದೇ ಗತಿಯಾಗುವುದುಂಟು. ಗೆರೆ ನೆಲಕ್ಕೆ ಅಂಟಿಕೊಂಡು ಮಲಗುವುದು ಈ ಕಾರಣದಿಂದ. ಇದನ್ನು ಪತ್ತೆಹಚ್ಚುವುದಕ್ಕೆ ಸುಲಭವಾದ ಗುರುತೊಂದಿದೆ: ನಾವಾಗಿ ಬದಲಿಸದ ಪಕ್ಷದಲ್ಲಿ, ಸಂಖ್ಯೆಯು ಸೆಲ್ಲಿನ ಬಲಗಡೆಗೆ ಒರಗಿ ನಿಲ್ಲುತ್ತದೆ, ಅಕ್ಷರವು ಎಡಗಡೆಗೆ. ಸೆಲ್ಲಿನಲ್ಲಿ ಬರಿಯ ಅಂಕಿಯನ್ನಿಟ್ಟು, ‘ರೂಪಾಯಿ, ಕಿಲೋಗೆ’ ಎಂಬ ಮಾತನ್ನು ಕಾಲಮ್ಮಿನ ತಲೆಯ ಮೇಲೆ ಒಮ್ಮೆ ಬರೆದರೆ ಸಾಕು.

ತಾರೀಖಿನ ತೊಡಕು ಇದಕ್ಕಿಂತ ಕುಟಿಲವಾದುದು. 05-06-2024 ಎಂದರೆ ನಮಗೆ ಜೂನ್ ಐದು. ಅಮೆರಿಕದ ಪದ್ಧತಿಗೆ ಹೊಂದಿಸಿದ ಕಂಪ್ಯೂಟರಿಗೆ ಅದು ಮೇ ಆರು. ಅದೇ ಕಾಲಮ್ಮಿನ 25-06-2024 ಎಂಬುದನ್ನು ಕಂಡಾಗ, ಇಪ್ಪತ್ತೈದನೆಯ ತಿಂಗಳು ಎಲ್ಲಿಯೂ ಇಲ್ಲವಾದಕಾರಣ, ಅದು ತಾರೀಖೆಂದು ಒಪ್ಪದೆ ಅಕ್ಷರವೆಂದು ಬದಿಗಿಡುತ್ತದೆ. ಹೀಗಾಗಿ ತಿಂಗಳಿನ ಮೊದಲ ಹನ್ನೆರಡು ದಿನಗಳಲ್ಲಿ ಬಹುಪಾಲು ತಪ್ಪು ತಿಂಗಳಿಗೆ ಹಾರಿ, ಉಳಿದವು ತಾರೀಖಿನ ಪದವಿಯನ್ನೇ ಕಳೆದುಕೊಂಡು, ಗೆರೆಯೆಂಬುದು ಗೋಜಲಾಗುತ್ತದೆ. ಅಕ್ಷರವಾಗಿ ಉಳಿದವನ್ನು ‘ಟೆಕ್ಸ್ಟ್ ಟು ಕಾಲಮ್ಸ್’ ಎಂಬ ಆಜ್ಞೆಯಲ್ಲಿ ದಿನ-ತಿಂಗಳು-ವರ್ಷ ಎಂಬ ಕ್ರಮವನ್ನು ಆರಿಸಿ ಸರಿಪಡಿಸಬಹುದು. ಆಗಲೇ ತಪ್ಪು ತಿಂಗಳಿಗೆ ಹೋದವನ್ನು ಮೂಲದ ಪುಸ್ತಕ ನೋಡಿ ತಿದ್ದದೆ ಗತ್ಯಂತರವಿಲ್ಲ. ಆದಕಾರಣ ಕೆಲಸಕ್ಕೆ ತೊಡಗುವ ಮೊದಲೇ ವಿಂಡೋಸಿನ ಪ್ರಾದೇಶಿಕ ಸೆಟ್ಟಿಂಗಿನಲ್ಲಿ ಭಾರತವನ್ನು ಆರಿಸಿಕೊಳ್ಳುವುದು ಜಾಣತನ.

ಮಾರುಕಟ್ಟೆಗೆ ರಜೆಯಿದ್ದ ದಿನದ ಸೆಲ್ಲಿನಲ್ಲಿ ಏನು ಬರೆಯಬೇಕು? ಸೊನ್ನೆ ಬರೆದವನ ಚಾರ್ಟಿನಲ್ಲಿ ಗೆರೆ ಹಳ್ಳಕ್ಕಿಳಿದು ಹತ್ತುತ್ತದೆ, ಆ ದಿನ ರೈತನು ಗೂಡನ್ನು ಧರ್ಮಕ್ಕೆ ಕೊಟ್ಟುಹೋದನೋ ಎಂಬಂತೆ. ದರವಿಲ್ಲದಿರುವುದು ಬೇರೆ, ದರ ಸೊನ್ನೆಯಾಗುವುದು ಬೇರೆ. ಸೆಲ್ಲನ್ನು ಖಾಲಿ ಬಿಟ್ಟು, ಎಕ್ಸೆಲಿನ ‘ಸೆಲೆಕ್ಟ್ ಡೇಟಾ’ದ ಒಳಗೆ ‘ಹಿಡನ್ ಅಂಡ್ ಎಂಪ್ಟಿ ಸೆಲ್ಸ್’ ಎಂಬಲ್ಲಿಗೆ ಹೋದರೆ, ಖಾಲಿ ಜಾಗದಲ್ಲಿ ಗೆರೆ ಕಡಿಯಬೇಕೋ, ಆಚೀಚೆಯ ಬಿಂದುಗಳನ್ನು ಕೂಡಿಸಬೇಕೋ ಎಂದು ಯಂತ್ರವೇ ಕೇಳುತ್ತದೆ. ನಾವು ಮರೆಮಾಡಿದ ಸಾಲುಗಳು ಚಾರ್ಟಿನಿಂದಲೂ ಮಾಯವಾದಾಗ ಅವುಗಳನ್ನು ಮರಳಿ ಕರೆತರುವ ಗುಂಡಿಯೂ ಅಲ್ಲಿಯೇ ಇದೆ. ಎಡಗಡೆಯ ಕಾಲಮ್ಮಿನಲ್ಲಿ 2020, 2021 ಎಂದು ವರ್ಷಗಳನ್ನು ಬರೆದಾಗ ಯಂತ್ರವು ಅವನ್ನೂ ದರವೆಂದೇ ತಿಳಿದು ಮೇಲ್ಗಡೆ ನೇರವಾದ ಗೆರೆಯೊಂದನ್ನು ಎಳೆಯುವುದುಂಟು. ಕೋಷ್ಟಕದ ಎಡ ಮೂಲೆಯ ಮೊದಲ ಸೆಲ್ಲನ್ನು ಖಾಲಿ ಬಿಟ್ಟು ಚಾರ್ಟು ಮಾಡಿದರೆ ಈ ಭ್ರಮೆ ಸಾಮಾನ್ಯವಾಗಿ ತಪ್ಪುತ್ತದೆ.

ಕೋಷ್ಟಕ ಶುದ್ಧವಾದ ಮೇಲೆ ಅಕ್ಷದ ವಿಚಾರ. ಇದಕ್ಕೆ ಚಿಂತಾಮಣಿಯ ಟೊಮ್ಯಾಟೊಗಿಂತ ಉತ್ತಮವಾದ ಗುರುವಿಲ್ಲ. ಒಮ್ಮೆ ಕೀಳುವ ಕೂಲಿಯೂ ಹುಟ್ಟದೆಂದು ರಸ್ತೆಯ ಬದಿಯಲ್ಲಿ ಸುರಿಯುವ, ಮತ್ತೊಮ್ಮೆ, 2023ರ ಜುಲೈಯಲ್ಲಿ ಆದಂತೆ, ದೇಶದ ಪೇಟೆಗಳಲ್ಲಿ ಕಿಲೋಗೆ 100 ರೂಪಾಯಿಯನ್ನು ಮೀರಿ ತೋಟಕ್ಕೆ ರಾತ್ರಿ ಕಾವಲು ಕೂರುವಂತೆ ಮಾಡುವ ಫಲವಿದು. ಇಂಥ ದರವನ್ನು ಸಾಮಾನ್ಯವಾದ ಅಕ್ಷದ ಮೇಲೆ ಬರೆದರೆ, ಆ ಒಂದು ತಿಂಗಳು ಗೋಪುರದಂತೆ ಎದ್ದು ನಿಂತು, ಉಳಿದ ತಿಂಗಳುಗಳಲ್ಲಿ ದರವು 5ರಿಂದ 10ಕ್ಕೇರಿದ್ದು, ಅಂದರೆ ಇಮ್ಮಡಿಯಾದದ್ದು, ಕಣ್ಣಿಗೇ ಬೀಳುವುದಿಲ್ಲ. ಹಾಗೆಂದು ಗೋಪುರವನ್ನು ಕತ್ತರಿಸಬಹುದೇ? ಉತ್ತರವು ನಮ್ಮ ಪ್ರಶ್ನೆಯನ್ನು ಅವಲಂಬಿಸಿದೆ. ಜೇಬಿಗೆ ಎಷ್ಟು ಬಂದಿತೆಂಬುದು ಪ್ರಶ್ನೆಯಾದರೆ ಗೋಪುರ ಇರಲೇಬೇಕು. ದರ ಎಷ್ಟು ಪಟ್ಟು ಏರಿತೆಂಬುದು ಪ್ರಶ್ನೆಯಾದರೆ ‘ಲಾಗರಿದಮಿಕ್ ಸ್ಕೇಲ್’ ಎಂಬ ಮಾಪನವನ್ನು ಹಿಡಿಯತಕ್ಕದ್ದು.

ಈ ಮಾಪನದ ತತ್ತ್ವವನ್ನು ಗೌರಿಬಿದನೂರಿನ ಯಂತ್ರಗಳೇ ತಿಳಿಸಿಕೊಡುತ್ತವೆ. ಭೂಕಂಪದ ಪ್ರಮಾಣ 5ರಿಂದ 6ಕ್ಕೆ ಏರಿತೆಂದಾಗ, ಅಂಕಿಯ ಏರಿಕೆ ಒಂದೇ ಆದರೂ, ಕಂಪನದ ವಿಸ್ತಾರ ಹತ್ತು ಪಟ್ಟು ಆಗಿರುತ್ತದೆ. ಅದೇ ತಾಲ್ಲೂಕಿನಲ್ಲಿ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಕೂಡಿ 1976ರಿಂದ ನಡೆಸಿಕೊಂಡು ಬಂದ ರೇಡಿಯೋ ದೂರದರ್ಶಕವಿದೆ. ‘ಟಿ’ ಆಕಾರದಲ್ಲಿ ನೆಟ್ಟ 1000 ದ್ವಿಧ್ರುವಗಳಿಂದ 34.5 ಮೆಗಾಹರ್ಟ್ಸಿನ ಅಲೆಗಳಿಗೆ ಕಿವಿಗೊಟ್ಟದ್ದು ಅದು. ಶಾಂತವಾದ ಸೂರ್ಯನಿಗೂ ಸಿಡಿದೆದ್ದ ಸೂರ್ಯನಿಗೂ ರೇಡಿಯೋ ಧ್ವನಿಯಲ್ಲಿರುವ ಅಂತರ ಎಷ್ಟು ಅಗಾಧವೆಂದರೆ, ಪಟ್ಟುಗಳಲ್ಲಿ ಎಣಿಸದೆ ಎರಡನ್ನೂ ಒಂದೇ ಕಾಗದದಲ್ಲಿ ಹಿಡಿಸುವುದು ಕಷ್ಟ. ವಿಜ್ಞಾನಿಗೆ ಅಗತ್ಯವಾದ ಈ ಉಪಾಯ ಟೊಮ್ಯಾಟೊ ಮಂಡಿಗೂ ಒದಗುತ್ತದೆ. ಆದರೆ ಇಂಥ ಅಕ್ಷದ ಮೇಲೆ ಸೊನ್ನೆಗೆ ಸ್ಥಾನವಿಲ್ಲವೆಂಬುದನ್ನೂ, ಓದುಗರಿಗೆ ಈ ಮಾಪನ ಹೊಸದಾಗಿದ್ದರೆ ಅದನ್ನು ಒಂದು ಮಾತಿನಲ್ಲಿ ತಿಳಿಸಬೇಕೆಂಬುದನ್ನೂ ಮರೆಯಲಾಗದು.

ಅಕ್ಷವು ಇನ್ನೊಂದು ಬಗೆಯಲ್ಲಿಯೂ ಮೋಸಮಾಡುತ್ತದೆ. ಅಂಕಿಗಳು ಒಂದಕ್ಕೊಂದು ಸಮೀಪವಾಗಿದ್ದಾಗ ಯಂತ್ರವು ತಾನಾಗಿಯೇ ಅಕ್ಷವನ್ನು ಸೊನ್ನೆಯಿಂದ ಆರಂಭಿಸದೆ ನಡುವಿನಿಂದ ಆರಂಭಿಸುವುದುಂಟು. ಆಗ 440ಕ್ಕಿಂತ 450 ಇಮ್ಮಡಿ ಎತ್ತರವಾಗಿ ತೋರಬಹುದು. ಗೆರೆಯ ಚಿತ್ರದಲ್ಲಿ ಇದು ಕ್ಷಮ್ಯ, ಏಕೆಂದರೆ ಅಲ್ಲಿ ಕಣ್ಣು ಓದುವುದು ಏರಿಳಿತವನ್ನು. ಕಂಬದ ಚಿತ್ರದಲ್ಲಿ ಕಣ್ಣು ಓದುವುದು ಉದ್ದವನ್ನಾದ್ದರಿಂದ, ಅಲ್ಲಿ ಸೊನ್ನೆಯಿಂದಲೇ ಹೊರಡತಕ್ಕದ್ದು. ಮಾರುಕಟ್ಟೆಗೆ ಬಂದ ಮಾಲಿನ ಸಾವಿರಾರು ಕ್ವಿಂಟಾಲನ್ನೂ, ಕಿಲೋಗೆ ಹತ್ತಿಪ್ಪತ್ತು ರೂಪಾಯಿಯ ದರವನ್ನೂ ಒಂದೇ ಚಿತ್ರದಲ್ಲಿಡಲು ‘ಸೆಕೆಂಡರಿ ಆಕ್ಸಿಸ್’ ಎಂಬ ಎರಡನೆಯ ಅಕ್ಷವನ್ನು ಬಳಸುವವರಿದ್ದಾರೆ. ಆದರೆ ಆ ಎರಡು ಗೆರೆಗಳು ಎಲ್ಲಿ ಒಂದನ್ನೊಂದು ದಾಟುತ್ತವೆ ಎಂಬುದಕ್ಕೆ ಯಾವ ಅರ್ಥವೂ ಇಲ್ಲದಿದ್ದರೂ, ನೋಡುವವನು ಅರ್ಥವನ್ನು ಹುಡುಕದೆ ಬಿಡುವುದಿಲ್ಲ. ಎರಡು ಚಿಕ್ಕ ಚಾರ್ಟುಗಳನ್ನು ಒಂದರ ಕೆಳಗೊಂದಿಟ್ಟರೆ ಜಗಳವಿಲ್ಲ.

ಅಲಂಕಾರದ ಮಾತಿಗೆ ಚಿಕ್ಕಬಳ್ಳಾಪುರ ಜಿಲ್ಲೆಯನ್ನೇ ಹಿಡಿಯೋಣ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ 12,55,104. ಇದೇ ಸಂಖ್ಯೆ ಚಾರ್ಟಿನಲ್ಲಿ 1,255,104 ಎಂದು ಬಂದರೆ ನಮ್ಮವರು ಒಂದು ಕ್ಷಣ ತಡವರಿಸುತ್ತಾರೆ. ತಾರೀಖಿಗಾಗಿ ಆರಿಸಿದ ಭಾರತದ ಸೆಟ್ಟಿಂಗೇ ಈ ಅಲ್ಪವಿರಾಮವನ್ನೂ ಸಾಮಾನ್ಯವಾಗಿ ಸರಿಪಡಿಸುತ್ತದೆ. ಅಕ್ಷದ ಮೇಲೆ ಸೊನ್ನೆಗಳ ಸಾಲು ಬೇಡವೆನ್ನುವವರು ‘ಡಿಸ್‌ಪ್ಲೇ ಯುನಿಟ್ಸ್’ ಎಂಬಲ್ಲಿ 100000 ಎಂಬುದನ್ನು ಆರಿಸಿ, ಬದಿಯಲ್ಲಿ ‘ಲಕ್ಷಗಳಲ್ಲಿ’ ಎಂದು ತಾವೇ ಬರೆಯಬಹುದು.

ತಾಲ್ಲೂಕುಗಳ ಹೆಸರು ಕಂಬಗಳ ಕೆಳಗೆ ಓರೆಯಾಗಿ ಬಿದ್ದು, ಗೌರಿಬಿದನೂರಿನ ಬಾಲವು ಶಿಡ್ಲಘಟ್ಟದ ಒತ್ತಕ್ಷರವನ್ನು ತುಳಿಯುವಾಗ, ಅಕ್ಷರವನ್ನು ಕಿರಿದು ಮಾಡುವುದಕ್ಕಿಂತ ಕಂಬಗಳನ್ನು ಅಡ್ಡ ಮಲಗಿಸುವುದು ಮೇಲು; ಹೆಸರುಗಳಿಗೆ ಎಡಗಡೆಯಲ್ಲಿ ಧಾರಾಳವಾಗಿ ಜಾಗ ಸಿಗುತ್ತದೆ. ಹಾಗೆ ಮಲಗಿಸಿದೊಡನೆ ಪಟ್ಟಿಯ ಮೊದಲ ಹೆಸರು ತಳಕ್ಕೆ ಹೋಗುತ್ತದೆ. ‘ಕೆಟಗರೀಸ್ ಇನ್ ರಿವರ್ಸ್ ಆರ್ಡರ್’ ಎಂಬುದನ್ನು ಗುರುತಿಸಿದರೆ ಮತ್ತೆ ಮೇಲೆ ಬರುತ್ತದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದ ಹೆಸರುಗಳು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುವುದಕ್ಕೆ, ಪರಿವರ್ತಕದ ನೆರವಿನಿಂದ ಯೂನಿಕೋಡಿಗೆ ತಂದುಕೊಳ್ಳುವುದೊಂದೇ ಶಾಶ್ವತವಾದ ಮದ್ದು. ಬಣ್ಣದಲ್ಲಿ ಔಚಿತ್ಯವಿರಲಿ: ಮಿಶ್ರತಳಿಯ ಗೂಡು ಹಳದಿ, ದ್ವಿತಳಿಯ ಗೂಡು ಬಿಳುಪು ಎಂದು ಗೆರೆಗಳಿಗೂ ಅದೇ ಬಣ್ಣ ಕೊಟ್ಟವನ ಚಾರ್ಟಿನಲ್ಲಿ ದ್ವಿತಳಿ ಬಿಳಿಯ ಕಾಗದದೊಳಗೆ ಕರಗಿಹೋಗುತ್ತದೆ. ಜೆರಾಕ್ಸ್ ಆಗಬೇಕಾದ ಕಾಗದದಲ್ಲಿ ಒಂದು ಗೆರೆ ಅಖಂಡವಾಗಿಯೂ ಇನ್ನೊಂದು ತುಂಡುತುಂಡಾಗಿಯೂ ಇದ್ದರೆ ಬಣ್ಣದ ಹಂಗೇ ಬೇಕಿಲ್ಲ. ಉಬ್ಬಿದಂತೆ ತೋರುವ 3-ಡಿ ಪೈ ಚಾರ್ಟು ತನ್ನ ಮುಂದಿನ ತುಂಡನ್ನು ಹಿಗ್ಗಿಸಿ ತೋರಿಸುವುದರಿಂದ, ಪಾಲಿನ ಲೆಕ್ಕದಲ್ಲಿ ಅದನ್ನು ನಂಬಲಾಗದು. ಇಷ್ಟೆಲ್ಲ ತಿದ್ದಿದ ಮೇಲೆ ‘ಸೇವ್ ಆ್ಯಸ್ ಟೆಂಪ್ಲೇಟ್’ ಎಂದು ಉಳಿಸಿಟ್ಟುಕೊಂಡರೆ ಮುಂದಿನ ತಿಂಗಳು ಈ ಶ್ರಮವಿಲ್ಲ.

ಕೊನೆಯದಾಗಿ, ಈ ಸೀಮೆಯ ಎಲ್ಲರಿಗೂ ಸಂಬಂಧಿಸಿದ ಚಾರ್ಟೊಂದಿದೆ. ವರ್ಷವೆಲ್ಲ ಹರಿಯುವ ನದಿಯಿಲ್ಲದ, ಸಾವಿರ ಅಡಿಯನ್ನು ಮೀರಿ ಕೊರೆದ ಕೊಳವೆ ಬಾವಿ ಅಪರೂಪವಲ್ಲದ ಈ ನಾಡಿನಲ್ಲಿ, ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಕೆರೆಗಳಿಗೆ ಬರತೊಡಗಿದ ಮೇಲೆ ಅಂತರ್ಜಲದ ಗತಿ ಏನಾಯಿತೆಂದು ತಿಳಿಯಬಯಸುವವನು ನೀರಿನ ಆಳವನ್ನು ವರ್ಷವರ್ಷಕ್ಕೆ ಬರೆದು ಕಂಬದ ಚಾರ್ಟು ಮಾಡಿದನೆನ್ನಿ. ಆಳ ಹೆಚ್ಚಿದಂತೆ ಅಂಕಿ ಹೆಚ್ಚುತ್ತದೆ. ಅಂಕಿ ಹೆಚ್ಚಿದಂತೆ ಕಂಬ ಮೇಲೇರುತ್ತದೆ. ನೀರು ಪಾತಾಳಕ್ಕಿಳಿಯುತ್ತಿದ್ದರೂ ಚಾರ್ಟಿನಲ್ಲಿ ಅದು ಅಭ್ಯುದಯದಂತೆ ತೋರುತ್ತದೆ! ಇಲ್ಲಿ ಅಂಕಿಯೊಂದೂ ತಪ್ಪಿಲ್ಲ, ಯಂತ್ರವೂ ತಪ್ಪಿಲ್ಲ. ಆಳವೆಂದರೇನೆಂದು ಯಂತ್ರಕ್ಕೆ ಹೇಳಿದವರು ಯಾರೂ ಇಲ್ಲ, ಅಷ್ಟೇ. ಅಕ್ಷದ ಸೆಟ್ಟಿಂಗಿನಲ್ಲಿ ‘ವ್ಯಾಲ್ಯೂಸ್ ಇನ್ ರಿವರ್ಸ್ ಆರ್ಡರ್’ ಎಂಬುದನ್ನು ಗುರುತಿಸಿದರೆ ಸೊನ್ನೆ ಮೇಲಕ್ಕೆ ಹೋಗುತ್ತದೆ, ಅದರೊಡನೆ ವರ್ಷಗಳ ಗೆರೆಯೂ ಚಾರ್ಟಿನ ನೆತ್ತಿಗೇರುತ್ತದೆ. ಬಹುಮಂದಿ ಇದನ್ನು ದೋಷವೆಂದು ತಿಳಿದು ಕೆಳಕ್ಕಿಳಿಸುವ ಉಪಾಯವನ್ನು ಹುಡುಕುತ್ತಾರೆ. ಅದು ಅಲ್ಲಿಯೇ ಇರಲಿ. ಅದು ನಮ್ಮ ಹೊಲದ ನೆಲ. ಅಲ್ಲಿಂದ ಕೆಳಕ್ಕೆ ಒಂದೊಂದು ಕಂಬವೂ ಕೊಳವೆ ಬಾವಿಯಂತೆ ಇಳಿದು ನಿಲ್ಲುತ್ತದೆ, ಮತ್ತು ಅಕ್ಷರ ಬಾರದ ಮುದುಕನೂ ಬೆರಳಿಟ್ಟು, ಯಾವ ವರ್ಷ ನೀರು ಎಷ್ಟು ಕೆಳಗಿತ್ತೆಂದು ತೋರಿಸಬಲ್ಲನು.