ಗೋದಲಿಯ ಮೇಜಿನ ಮೇಲೆ 1768ರ ಚಳಿಗಾಲ

ಆಗಮನಕಾಲ ಸಮೀಪಿಸಿತೆಂದರೆ ನಮ್ಮ ಕೋಲಾರ ಸೀಮೆಯ ಕಥೋಲಿಕ ಮನೆಗಳಲ್ಲಿ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ ಕೆಳಗಿಳಿಯುತ್ತದೆ. ಬಾಲಯೇಸು, ಮರಿಯಮ್ಮ, ಜೋಸೆಫರು, ಕುರುಬರು, ಮೂವರು ಜ್ಞಾನಿಗಳು, ಕಿವಿ ಮುರಿದ ಕತ್ತೆ, ಎಲ್ಲರೂ ಹೊರಬರುತ್ತಾರೆ. ಕಂದು ಕಾಗದವನ್ನು ಮುದುರಿ ಬೆಟ್ಟ ಮಾಡುತ್ತೇವೆ. ತಟ್ಟೆಯಲ್ಲಿ ರಾಗಿ ಮೊಳೆಯಿಸಿ ಹೊಲ ಮಾಡುತ್ತೇವೆ. ಒಡೆದ ಕನ್ನಡಿಯ ಚೂರು ಕೆರೆಯಾಗುತ್ತದೆ. ಹೆಸರು ಬೆತ್ಲೆಹೇಮಿನದಾದರೂ ಬೆಟ್ಟ ಮಾತ್ರ ಮುಳಬಾಗಿಲಿನದೇ ಎಂಬುದನ್ನು ಓದುಗ ಬಂಧುಗಳು ಒಪ್ಪುವರೆಂದು ನಂಬಿದ್ದೇವೆ. ಅದರ ಮೇಲೆ ಹತ್ತಿಯನ್ನು ಹಿಮದಂತೆ ಹರಡುವ ಪದ್ಧತಿ ಎಲ್ಲಿಂದ ಬಂತೋ, ಅದನ್ನು ಬಿಡಿಸಲು ನಮ್ಮಿಂದ ಆಗಿಲ್ಲ.

ಗೋದಲಿಯ ಈ ಕೈಚಳಕವೇ ಪಶ್ಚಿಮ ದೇಶಗಳಲ್ಲಿ ಮತ್ತೊಂದು ಹವ್ಯಾಸಕ್ಕೂ ಸಲ್ಲುತ್ತದೆ. ದೊಡ್ಡ ಮೇಜಿನ ಮೇಲೆ ಬೆಟ್ಟ, ಕಾಡು, ಊರುಗಳನ್ನು ಕಟ್ಟಿ, ಬೆರಳುದ್ದದ ಸಿಪಾಯಿಗಳನ್ನು ನಿಲ್ಲಿಸಿ, ಹಿಂದೆಂದೋ ನಡೆದ ಕಾಳಗವನ್ನು ದಾಳ ಉರುಳಿಸಿ ಮರಳಿ ಆಡುವುದು. ನಮ್ಮ ಚತುರಂಗವೂ ಮೂಲದಲ್ಲಿ ಸೇನೆಯ ನಾಲ್ಕು ಅಂಗಗಳ ಆಟವೇ ಸರಿ. ಆದರೆ ನೆಲದ ಏರುತಗ್ಗನ್ನೂ ಗುಂಡಿನ ದೂರವನ್ನೂ ಲೆಕ್ಕಕ್ಕೆ ತಂದ ಆಟವನ್ನು 1824ರಲ್ಲಿ ಪ್ರಷ್ಯಾದ ಸೇನೆ ತನ್ನ ಅಧಿಕಾರಿಗಳ ತರಬೇತಿಗೆ ಬಳಸತೊಡಗಿತು. 1913ರಲ್ಲಿ ಆಂಗ್ಲ ಲೇಖಕ ಎಚ್.ಜಿ. ವೆಲ್ಸ್ ಅದರ ಸರಳ ರೂಪವೊಂದನ್ನು ಮನೆಮಂದಿಗಾಗಿ ಪುಸ್ತಕವಾಗಿ ಬರೆದರು. ಮರುವರ್ಷವೇ ನಿಜವಾದ ಮಹಾಯುದ್ಧ ಬಂತು. 1944ರ ಡಿಸೆಂಬರಿನಲ್ಲಿ ಬೆಲ್ಜಿಯಂ ದೇಶದ ಆರ್ಡೆನ್ ಕಾಡುಗಳಲ್ಲಿ ನಡೆದ ಹಿಮಯುದ್ಧ ಈ ಹವ್ಯಾಸಿಗಳಿಗೆ ಬಹಳ ಪ್ರಿಯ. ಅಲ್ಲಿ ಹತ್ತಿಗೆ ತಕ್ಕ ಕಾರಣವುಂಟು.

ನಮಗೆ ಆರ್ಡೆನ್ ಬೇಕಾಗಿರಲಿಲ್ಲ. ಹಿಮವಿಲ್ಲದ, ಬೆಳಗಿನ ಮಂಜು ಮಾತ್ರವಿರುವ ಚಳಿಗಾಲದ ಯುದ್ಧವೊಂದು ನಮ್ಮ ಅಂಗಳದಲ್ಲೇ ನಡೆದಿದೆ. ಬೂದಿಕೋಟೆಯಲ್ಲಿ ಹುಟ್ಟಿದ, ತಂದೆ ಫತ್ತೆ ಮಹಮ್ಮದರ ಸಮಾಧಿಯನ್ನು ಕೋಲಾರದಲ್ಲಿ ಹೊಂದಿದ್ದ ಹೈದರಾಲಿಗೂ ಮದರಾಸಿನ ಇಂಗ್ಲಿಷ್ ಕಂಪನಿಗೂ ನಡೆದ ಮೊದಲ ಯುದ್ಧದ ಮುಖ್ಯ ಅಧ್ಯಾಯಗಳು 1768ರಲ್ಲಿ ಮುಳಬಾಗಿಲು, ಕೋಲಾರ, ಬಾಗಲೂರು, ಹೊಸೂರುಗಳ ನಡುವೆ ಬರೆಯಲ್ಪಟ್ಟವು. ಕಳೆದ ಆಗಮನಕಾಲದಲ್ಲಿ ನಮ್ಮ ಕೆಲವು ಯುವಕರೊಡನೆ ಕುಳಿತು ಇದನ್ನು ಗೋದಲಿಯ ಸಾಮಗ್ರಿಯಲ್ಲಿಯೇ ಕಟ್ಟಲು ಹೊರಟೆವು. ಜೇಡಿಮಣ್ಣಿಗೆ ಕೊರತೆಯಿಲ್ಲ, ಹೆಂಚು ಇಟ್ಟಿಗೆಗಳ ಮಾಲೂರು ಪಕ್ಕದಲ್ಲಿದೆ. ನಕ್ಷೆ ಬರೆಯುವಾಗ ಒಂದು ತೊಡಕು ಬಂತು. ಶ್ರೀನಿವಾಸಪುರವೆಂಬ ಹೆಸರನ್ನು ಅದರಲ್ಲಿ ಬರೆಯುವಂತಿಲ್ಲ. ಆ ಊರು ಆಗ ಪಾಪನಪಳ್ಳಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಅದಕ್ಕೆ ಇಟ್ಟದ್ದು ಆಮೇಲೆ. ಶ್ರೀನಿವಾಸಪುರದಿಂದ ಬಂದಿದ್ದ ಹುಡುಗನಿಗೆ ಇದು ಅಷ್ಟಾಗಿ ರುಚಿಸಲಿಲ್ಲ.

ಮೊದಲ ಆಟ ಮುಳಬಾಗಿಲಿನದು, 1768ರ ಅಕ್ಟೋಬರ್ 4ರದು. ಆ ದಿನ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. 1223ರ ಕ್ರಿಸ್ಮಸ್ಸಿನಲ್ಲಿ ಗ್ರೆಚಿಯೊ ಎಂಬಲ್ಲಿ ಹುಲ್ಲು, ಎತ್ತು, ಕತ್ತೆಗಳೊಡನೆ ಗೋದಲಿಯ ದೃಶ್ಯವನ್ನು ಜನರ ಕಣ್ಣಮುಂದೆ ತಂದವರು ಇವರೇ. ಕಾಕತಾಳೀಯವೆಂದು ಬಿಟ್ಟುಬಿಡಬಹುದು, ನಾವು ಬಿಡಲಿಲ್ಲ.

ಕೋಟೆಯನ್ನು ಹೈದರ್ ಮರಳಿ ವಶಪಡಿಸಿಕೊಂಡಿದ್ದ. ಅದನ್ನು ಹಿಡಿಯಲು ಬಂದ ಕರ್ನಲ್ ವುಡ್ ಕೆಳಕೋಟೆಯನ್ನು ಗೆದ್ದನಾದರೂ ಬಂಡೆಯ ಮೇಲಿನ ಕೋಟೆಗೆ ಏಣಿಹಾಕಿ ಹತ್ತಲು ಹೋಗಿ ಸೋತ. ಮರುದಿನ ಸಣ್ಣ ದಳವೊಂದಿಗೆ ಹೊರಟವನಿಗೆ ಎದುರಾದದ್ದು ಹೈದರನ ಇಡೀ ಸೇನೆ. ಗುಂಡುಬಂಡೆಗಳ ನಡುವೆ ಕಂಪನಿಯ ಸಿಪಾಯಿಗಳು ಚದುರಿ ನಾಶದ ಅಂಚಿಗೆ ಬಂದರು. ಸಾಮಾನು ಕಾಯುತ್ತಿದ್ದ ಕ್ಯಾಪ್ಟನ್ ಬ್ರೂಕ್ ನಾಲ್ಕು ತುಕಡಿ, ಎರಡು ಫಿರಂಗಿಗಳೊಡನೆ ಮರೆಯ ದಾರಿಯಲ್ಲಿ ಚಪ್ಪಟೆ ಬಂಡೆಯೊಂದನ್ನು ಏರಿ, ಗುಂಡು ಹಾರಿಸಿ, ತನ್ನವರಿಂದ ‘ಸ್ಮಿತ್! ಸ್ಮಿತ್!’ ಎಂದು ಕೂಗಿಸಿದ. ಕರ್ನಲ್ ಸ್ಮಿತ್ತನ ದೊಡ್ಡ ಸೇನೆಯೇ ಬಂತೆಂದು ಎರಡೂ ಕಡೆಯವರು ನಂಬಿದರು. ಹೈದರನ ಪಡೆ ತುಸು ಹಿಂದೆಗೆಯಿತು. ಅಷ್ಟರಲ್ಲಿ ವುಡ್ ತನ್ನವರನ್ನು ಒಟ್ಟುಗೂಡಿಸಿದ. ಕತ್ತಲಾಗುವತನಕ ಕಾಳಗ ನಡೆಯಿತು.

ಮೇಜಿನ ಮೇಲೆ ಒಂದು ಅಂಗುಲಕ್ಕೆ ಇಪ್ಪತ್ತೈದು ಗಜವೆಂದು ಗೊತ್ತುಮಾಡಿದೆವು. ಆ ಕಾಲದ ಬಂದೂಕಿನ ಗುಂಡು ನೂರು ಗಜದಾಚೆ ಗುರಿ ಹಿಡಿಯುತ್ತಿರಲಿಲ್ಲವಾದ್ದರಿಂದ ಅದಕ್ಕೆ ನಾಲ್ಕೇ ಅಂಗುಲ. ಒಂದು ಬೊಂಬೆ ಇಪ್ಪತ್ತು ಮಂದಿಗೆ ಸಮ. ಕುದುರೆಗೆ ಬಯಲಿನಲ್ಲಿ ಹನ್ನೆರಡು ಅಂಗುಲ ನಡೆ, ಬಂಡೆಗಳ ನಡುವೆ ಬರೀ ಮೂರು. ಮುಳಬಾಗಿಲಿನ ಬಂಡೆಗಳು ಹೈದರನ ಕುದುರೆಗಳಿಗೆ ಎಂಥ ಶತ್ರುಗಳಾಗಿದ್ದವೆಂಬುದು ಯಾವ ಪುಸ್ತಕಕ್ಕಿಂತಲೂ ಈ ಅಳತೆಪಟ್ಟಿಯಿಂದ ಸ್ಪಷ್ಟವಾಯಿತು. ಬ್ರೂಕನ ಕೂಗಿಗೆ ಆಟದಲ್ಲಿ ಒಂದೇ ಅವಕಾಶ. ದಾಳ ನಾಲ್ಕರ ಮೇಲೆ ಬಿದ್ದರೆ ಹೈದರನ ಕಡೆಯವರು ಒಂದು ಸರದಿ ಹಿಂದೆಗೆಯಬೇಕು. ಕಡಿಮೆ ಬಿದ್ದರೆ ಮೋಸ ಬಯಲಾಯಿತೆಂದು ಲೆಕ್ಕ. ಹೈದರನ ಫಿರಂಗಿದಳದಲ್ಲಿ ಫ್ರೆಂಚರೂ ಪೋರ್ಚುಗೀಸರೂ ಇದ್ದರೆಂದು ತಿಳಿದಾಗ ಹುಡುಗರಿಗೆ ಅಚ್ಚರಿ. ನಮ್ಮದೇ ಮತದವರು ಎರಡೂ ಕಡೆ ನಿಂತಿದ್ದರೆಂಬ ಮಾತಿಗೆ ಸ್ವಲ್ಪ ಹೊತ್ತು ಯಾರೂ ದಾಳ ಎತ್ತಲಿಲ್ಲ.

ಎರಡನೆಯ ಆಟ ನವೆಂಬರಿನದು. ನಿಜವಾದ ತೊಡಕು ಬಂದದ್ದು ಇಲ್ಲಿ. ಹೊಸೂರಿಗೆ ಹೈದರ್ ಮುತ್ತಿಗೆ ಹಾಕಿದ್ದ. ಕೋಲಾರದಿಂದ ಹೊರಟ ವುಡ್ ತನ್ನ ಸಾಮಾನು ಸರಂಜಾಮನ್ನೂ ಎರಡು ಭಾರಿ ಫಿರಂಗಿಗಳನ್ನೂ ಬಾಗಲೂರಿನ ಪೇಟೆಯಲ್ಲಿ ಬಿಟ್ಟು, ರಾತ್ರೋರಾತ್ರಿ ಹೊಸೂರಿನತ್ತ ನಡೆದ. (ಮಾಲೂರಿನಿಂದ ಹೊಸೂರಿಗೆ ಹೋಗುವವರು ಇಂದಿಗೂ ಬಾಗಲೂರನ್ನು ಹಾದೇ ಹೋಗುತ್ತಾರೆ.) ಹೈದರ್ ಅವನನ್ನು ಸುತ್ತುಹಾಕಿ ಬಂದು ಪೇಟೆಗೇ ನುಗ್ಗಿದ. ಶತ್ರು ಒಳಹೊಗುವನೆಂದು ಕೋಟೆಯ ಅಧಿಕಾರಿ ಬಾಗಿಲು ಹಾಕಿಸಿದ. ಪೇಟೆಯ ಜನ, ಸೇನೆಯ ಹಿಂದೆ ಬಂದ ಹೆಂಗಸರು ಮಕ್ಕಳು, ದನಗಳು ಎಲ್ಲ ಒಟ್ಟಾಗಿ ಆ ಬಾಗಿಲಿನತ್ತ ಓಡಿದರು. ಇನ್ನೂರರಷ್ಟು ಮಂದಿ ಅಲ್ಲಿಯೇ ತುಳಿತಕ್ಕೆ ಸಿಕ್ಕಿ ಸತ್ತರೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಹೈದರ್ ಫಿರಂಗಿಗಳನ್ನು ಎಳೆದುಕೊಂಡು ಬೆಂಗಳೂರಿನತ್ತ ಸಾಗಿದ. ವುಡ್ಡನನ್ನು ಮದರಾಸಿಗೆ ಹಿಂದಕ್ಕೆ ಕರೆಸಿದರು. ಮರುವರ್ಷ ಹೈದರ್ ಮದರಾಸಿನ ಹೊಸ್ತಿಲಿಗೇ ಹೋಗಿ ಒಪ್ಪಂದ ಮಾಡಿಕೊಂಡ.

ಆಟದ ಪುಸ್ತಕಗಳಲ್ಲಿ ಫಿರಂಗಿಗೆ ಅಂಕವಿದೆ, ಕುದುರೆಗೆ ಅಂಕವಿದೆ. ಬಾಗಿಲಲ್ಲಿ ತುಳಿತಕ್ಕೆ ಸಿಕ್ಕವರಿಗೆ ಅಂಕವಿಲ್ಲ. ಅವರಿಗೆ ಬೊಂಬೆಯೂ ಇಲ್ಲ. ಅವರನ್ನು ಬಿಟ್ಟು ಆಡೋಣ, ಆಟ ಬೇಗ ಸಾಗುತ್ತದೆ ಎಂದ ಒಬ್ಬ. ಹಾಗಾದರೆ ಅದು ಬಾಗಲೂರಲ್ಲ, ಬೇರೆ ಯಾವುದೋ ಊರು ಎಂದಳು ಬೊಂಬೆಗಳಿಗೆ ಬಣ್ಣ ಬಳಿಯುತ್ತಿದ್ದ ಹುಡುಗಿ. ನಾವು ಅವಳ ಪಕ್ಷ. ಸೋತ ದಳಗಳ ಹೆಸರು ಬರೆದಿಟ್ಟವರು ಆ ಇನ್ನೂರು ಮಂದಿಯಲ್ಲಿ ಒಬ್ಬರ ಹೆಸರನ್ನೂ ಉಳಿಸಿಲ್ಲ. ಮೇಜಿನ ಮೇಲೂ ಅವರಿಗೆ ಸ್ಥಳವಿಲ್ಲವೆನ್ನುವುದು ಹೇಗೆ? ಡಿಸೆಂಬರ್ 28ರಂದು ಹೆರೋದನ ಕತ್ತಿಗೆ ಬಲಿಯಾದ ಬೆತ್ಲೆಹೇಮಿನ ಹಸುಳೆಗಳನ್ನು ಸ್ಮರಿಸುವ ನಮಗೆ ಈ ಪ್ರಶ್ನೆ ದೂರದ್ದಲ್ಲ. ಆ ಹಸುಳೆಗಳ ಹೆಸರೂ ಯಾರಿಗೂ ಗೊತ್ತಿಲ್ಲ.

ಆಗಮನಕಾಲದಲ್ಲಿ ಯುದ್ಧದ ಆಟವೇಕೆಂದು ಹಿರಿಯರೊಬ್ಬರು ಆಕ್ಷೇಪಿಸಿದ್ದುಂಟು. ಅವರ ಮಾತಿನಲ್ಲಿ ಹುರುಳಿದೆ. 1914ರ ಡಿಸೆಂಬರಿನಲ್ಲಿ ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಕ್ರಿಸ್ಮಸ್ಸಿನ ದಿನಗಳಲ್ಲಾದರೂ ಬಂದೂಕುಗಳು ಸುಮ್ಮನಿರಲಿ ಎಂದು ಬೇಡಿದಾಗ ಸರ್ಕಾರಗಳು ಕಿವಿಗೊಡಲಿಲ್ಲ. ಕೆಲವೆಡೆ ಸಿಪಾಯಿಗಳೇ ಕಂದಕ ಬಿಟ್ಟು ಹೊರಬಂದು ಕೈಕುಲುಕಿದರು. ಹಿರಿಯರ ಮಾತಿಗೆ ಮನ್ನಣೆಯಿತ್ತು ಆಟವನ್ನು ಕ್ರಿಸ್ಮಸ್ ಮುಗಿದ ಮೇಲಿನ ವಾರಕ್ಕೆ ಮುಂದೂಡಿದೆವು. ಗೋದಲಿಯ ಬೆಟ್ಟಗಳು ಹೇಗೂ ಅಲ್ಲಿಯೇ ಇದ್ದವು.

ಇನ್ನೂರು ಮಂದಿಗೆ ನಮ್ಮ ಲೆಕ್ಕದಂತೆ ಹತ್ತು ಬೊಂಬೆಗಳು. ಅವನ್ನು ಆ ಹುಡುಗಿಯೇ ಮಾಲೂರಿನ ಮಣ್ಣಿನಲ್ಲಿ ತಿದ್ದಿದಳು: ತಲೆಯ ಮೇಲೆ ಗಂಟು ಹೊತ್ತವಳು, ಕಂಕುಳಲ್ಲಿ ಕೂಸು ಎತ್ತಿಕೊಂಡವಳು, ಕರು ಎಳೆಯುವ ಮುದುಕ. ನಿಯಮವನ್ನೂ ಹೊಸದಾಗಿ ಬರೆದೆವು. ಕೋಟೆ ಕಾಯುವವನು ಬಾಗಿಲು ತೆರೆದರೆ ಜನ ಉಳಿಯುತ್ತಾರೆ, ಆದರೆ ಶತ್ರು ಒಳನುಗ್ಗುವ ಅಪಾಯಕ್ಕೆ ದಾಳ ಹಾಕಬೇಕು. ಹಾಕಿಯೇ ಇಟ್ಟರೆ ಪ್ರತಿ ಸರದಿಗೆ ಎರಡು ಬೊಂಬೆಗಳನ್ನು ಅವನೇ ತನ್ನ ಕೈಯಿಂದ ಎತ್ತಿ ಪೆಟ್ಟಿಗೆಗೆ ಹಾಕಬೇಕು, ಬೇರೆಯವರು ಎತ್ತಿಕೊಡುವಂತಿಲ್ಲ. ಇದುವರೆಗೆ ಐದು ಸಲ ಆಡಿದ್ದೇವೆ. ಬಾಗಿಲು ಎರಡು ಸಲ ತೆರೆದಿದೆ, ಅದರಲ್ಲಿ ಒಂದು ಸಲ ಕೋಟೆ ಹೋಯಿತು.